ಮಿದುಳು ಮತ್ತು ಅಂಗಚಲನೆ: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವ ಗೃಹಿಣಿಯು ತನ್ನ ಬೆರಳುಗಳನ್ನು ನೋಡುವುದೇ ಇಲ್ಲ. ಕಾಪುವಿನ ಕಡಲಿನಲ್ಲಿ ದೋಣಿಯು ಅಲೆಯ ಮೇಲೆ ಏರಿ ಇಳಿಯುತ್ತಿದ್ದರೂ ಬಲೆ ಎಳೆಯುವ ಮೀನುಗಾರನು ಮುಗ್ಗರಿಸುವುದಿಲ್ಲ. ಕಾರ್ಕಳದ ಮಿಯಾರಿನ ಕಂಬಳದ ಕೆಸರುಗದ್ದೆಯಲ್ಲಿ ಓಟಗಾರನು ಕೋಣಗಳ ವೇಗಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾನೆ. ಇವರ ಕೈಕಾಲುಗಳಲ್ಲಿ ಶಕ್ತಿಯಿರುವುದು ನಿಜ. ಆದರೆ ಯಾವ ಸ್ನಾಯುವು ಯಾವ ಕ್ಷಣದಲ್ಲಿ ಎಷ್ಟು ಬಿಗಿಯಾಗಬೇಕು, ಯಾವುದು ಸಡಿಲವಾಗಬೇಕು ಎಂಬುದನ್ನು ನಿರ್ಧರಿಸುವುದು ಸ್ನಾಯುವಲ್ಲ, ಮಿದುಳು.

ಈ ವಿಷಯವನ್ನು ವೈದ್ಯರು ಮಾತ್ರ ತಿಳಿದಿದ್ದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಹುಟ್ಟಿದ ಮಗು ಸಕಾಲದಲ್ಲಿ ಕುತ್ತಿಗೆ ನಿಲ್ಲಿಸದಿದ್ದಾಗ ಅದನ್ನು ಮೊದಲು ಗಮನಿಸುವವರು ತಾಯಿತಂದೆಯರು. ಮನೆಯ ಹಿರಿಯರ ಬಾಯಿ ಒಮ್ಮೆಲೆ ಸೊಟ್ಟಗಾದಾಗ ಅವರ ಬಳಿಯಲ್ಲಿ ಇರುವವರು ಮಗ ಮತ್ತು ಸೊಸೆ. ಆ ಹೊತ್ತಿನಲ್ಲಿ ದಂಪತಿಗಳು ಕೈಗೊಳ್ಳುವ ನಿರ್ಧಾರದ ಮೇಲೆ ಒಂದು ಜೀವದ ಮುಂದಿನ ಬಾಳು ನಿಂತಿರುತ್ತದೆ. ಆದುದರಿಂದ ಮಿದುಳಿನ ಯಾವ ಭಾಗವು ಯಾವ ಕೆಲಸವನ್ನು ಮಾಡುತ್ತದೆ, ಅಭ್ಯಾಸ ಮತ್ತು ವ್ಯಾಯಾಮಗಳು ಅದನ್ನು ಹೇಗೆ ಬಲಪಡಿಸುತ್ತವೆ ಎಂಬುದನ್ನು ಪತಿಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯ.

ಮಿದುಳಿನ ರಚನೆ

ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಇದರ ಪಾಲು ನೂರಕ್ಕೆ 2 ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಭಾಗವನ್ನು ಇದೊಂದೇ ಅಂಗವು ಬಳಸುತ್ತದೆ. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ರಕ್ತದ ಪೂರೈಕೆ ಕೆಲವೇ ನಿಮಿಷ ನಿಂತರೂ ಈ ಕೋಶಗಳು ಸಾಯತೊಡಗುತ್ತವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳ ಅರ್ಥ ತಾನಾಗಿಯೇ ತಿಳಿಯುವುದು.

ಚಲನೆಯ ದೃಷ್ಟಿಯಿಂದ ನಾಲ್ಕು ಭಾಗಗಳು ಮುಖ್ಯವಾದವು: ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮಿದುಳಿನ ಒಳಗಿರುವ ತಳಗಂಟುಗಳು ಮತ್ತು ಮಿದುಳಿನಿಂದ ಕೆಳಗಿಳಿಯುವ ಬೆನ್ನುಹುರಿ.

ಮಹಾಮಸ್ತಿಷ್ಕ: ಆಜ್ಞೆಯ ಸ್ಥಾನ

ತಲೆಬುರುಡೆಯ ಬಹುಭಾಗವನ್ನು ತುಂಬಿರುವುದು ಮಹಾಮಸ್ತಿಷ್ಕ. ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯವರೆಗೆ ಒಂದು ದಾರವನ್ನು ಹಿಡಿದರೆ, ಸುಮಾರಾಗಿ ಅದರ ಕೆಳಗೆ ಚಲನೆಯ ಆಜ್ಞೆಗಳನ್ನು ಹೊರಡಿಸುವ ಪಟ್ಟಿಯಿದೆ. ಇದಕ್ಕೆ ಚಾಲಕ ಪಟ್ಟಿ ಎನ್ನಬಹುದು. ಮಿದುಳಿನಲ್ಲಿ ಇಂತಹ ಒಂದು ಸ್ಥಾನವಿದೆ ಎಂಬುದನ್ನು 1870ರಲ್ಲಿ ಜರ್ಮನಿಯ ಫ್ರಿಟ್ಶ್ ಮತ್ತು ಹಿಟ್ಸಿಗ್ ಎಂಬ ವೈದ್ಯರು ನಾಯಿಗಳ ಮೇಲೆ ನಡೆಸಿದ ಪ್ರಯೋಗದಿಂದ ತೋರಿಸಿದರು. ಮಾನವನ ಮಿದುಳಿನಲ್ಲಿ ಯಾವ ಅಂಗಕ್ಕೆ ಎಷ್ಟು ಸ್ಥಳವಿದೆ ಎಂಬುದನ್ನು ಕೆನಡಾದ ಶಸ್ತ್ರವೈದ್ಯ ಪೆನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿಯು 1937ರಲ್ಲಿ ನಕ್ಷೆಯಾಗಿ ಪ್ರಕಟಿಸಿದರು.

ಈ ನಕ್ಷೆಯ ವಿಶೇಷವೇನೆಂದರೆ, ಅಂಗದ ಗಾತ್ರಕ್ಕೂ ಅದಕ್ಕೆ ದೊರೆತಿರುವ ಸ್ಥಳಕ್ಕೂ ಸಂಬಂಧವಿಲ್ಲ. ಅಗಲವಾದ ಬೆನ್ನಿಗೆ ದೊರೆತಿರುವುದು ಅಲ್ಪ ಸ್ಥಳ. ಕೈಬೆರಳು, ತುಟಿ, ನಾಲಗೆಗಳಿಗೆ ದೊರೆತಿರುವುದು ವಿಶಾಲ ಸ್ಥಳ. ಹೂ ಕಟ್ಟುವುದು, ಬೀಡಿ ಸುತ್ತುವುದು, ಕಾರ್ಕಳದ ಶಿಲ್ಪಿಯು ಕಲ್ಲಿನಲ್ಲಿ ಸೂಕ್ಷ್ಮವಾದ ಕುಸುರಿಯನ್ನು ಬಿಡಿಸುವುದು ಇವೆಲ್ಲ ಸಾಧ್ಯವಾಗಿರುವುದು ಇದರಿಂದಲೇ.

ಇನ್ನೊಂದು ಮುಖ್ಯ ಸಂಗತಿ: ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ ಬಲಭಾಗವು ದೇಹದ ಎಡಭಾಗವನ್ನೂ ನಡೆಸುತ್ತದೆ. ಆಜ್ಞೆಯನ್ನು ಒಯ್ಯುವ ನರತಂತುಗಳಲ್ಲಿ ಹೆಚ್ಚಿನವು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟಿ ಪಕ್ಕ ಬದಲಿಸುವುದೇ ಇದಕ್ಕೆ ಕಾರಣ. ಬಹುಮಂದಿಯಲ್ಲಿ ಮಾತಿನ ಸ್ಥಾನವಿರುವುದು ಎಡಭಾಗದಲ್ಲಿ. ಆದುದರಿಂದಲೇ ಬಲಗೈ, ಬಲಗಾಲು ಬಿದ್ದುಹೋದವರಿಗೆ ಅನೇಕ ವೇಳೆ ಮಾತೂ ನಿಂತುಹೋಗುತ್ತದೆ. ಇಂತಹವರಿಗೆ ಬುದ್ಧಿ ಕೆಟ್ಟಿದೆ ಎಂದು ತಿಳಿಯುವುದು ತಪ್ಪು. ಮಾತು ಹೊರಡದಿದ್ದರೂ ತಮ್ಮ ಸುತ್ತ ನಡೆಯುವುದನ್ನು ಅವರು ಬಹುಮಟ್ಟಿಗೆ ಅರಿಯುತ್ತಿರಬಹುದು.

ಅನುಮಸ್ತಿಷ್ಕ: ಸಮತೋಲದ ಕಾವಲುಗಾರ

ತಲೆಯ ಹಿಂಭಾಗದಲ್ಲಿ, ಮಹಾಮಸ್ತಿಷ್ಕದ ಕೆಳಗೆ, ಕಿರುಮಿದುಳು ಎಂದೂ ಕರೆಯಲ್ಪಡುವ ಅನುಮಸ್ತಿಷ್ಕವಿದೆ. ಗಾತ್ರದಲ್ಲಿ ಸಣ್ಣದಾದರೂ ಮಿದುಳಿನ ಒಟ್ಟು ನರಕೋಶಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ಇಲ್ಲಿಯೇ. ಮಹಾಮಸ್ತಿಷ್ಕವು "ಕೈ ಚಾಚು" ಎಂದು ಆಜ್ಞಾಪಿಸಿದರೆ, ಕೈ ಸರಿಯಾದ ಸ್ಥಳಕ್ಕೆ ತಲುಪಿತೇ, ಹೆಚ್ಚು ದೂರ ಹೋಯಿತೇ ಎಂದು ತಾಳೆ ನೋಡಿ ತಿದ್ದುವುದು ಅನುಮಸ್ತಿಷ್ಕದ ಕೆಲಸ. ಒಳಕಿವಿ, ಕಣ್ಣು, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನು ಇದು ಕ್ಷಣಕ್ಷಣಕ್ಕೂ ಪಡೆಯುತ್ತಿರುತ್ತದೆ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ಸುದ್ದಿಯನ್ನು ದೇಶವೇ ಕೇಳಿತು. ಆ ವೇಗದಲ್ಲಿ ಕೋಣಗಳ ಎಳೆತದ ಪಾಲೂ ಇದೆ. ಆದರೆ ಜಾರುವ ಕೆಸರಿನಲ್ಲಿ, ಕಣ್ಣಿಗೆ ನೀರು ಎರಚುತ್ತಿರುವಾಗ, ಬೀಳದೆ ಓಡುವುದು ಅನುಮಸ್ತಿಷ್ಕಕ್ಕೆ ದೊರೆತ ದೀರ್ಘ ತರಬೇತಿಯ ಫಲವೇ ಸರಿ.

ಮದ್ಯಪಾನ ಮಾಡಿದವನು ತೂರಾಡುವುದೂ ಅವನ ನಾಲಗೆ ತೊದಲುವುದೂ ಮದ್ಯವು ಈ ಭಾಗದ ಕೆಲಸವನ್ನು ಕೆಡಿಸುವುದರಿಂದಲೇ. ವರ್ಷಗಟ್ಟಲೆ ಕುಡಿದರೆ ಅನುಮಸ್ತಿಷ್ಕದ ಕೋಶಗಳು ನಾಶವಾಗಿ, ಕುಡಿಯದಿದ್ದ ದಿನವೂ ನಡಿಗೆ ತೂರಾಡುವ ಸ್ಥಿತಿ ಬರಬಹುದು.

ತಳಗಂಟುಗಳು: ರೂಢಿಯ ಉಗ್ರಾಣ

ಮಿದುಳಿನ ಆಳದಲ್ಲಿ ನರಕೋಶಗಳ ಕೆಲವು ಗುಂಪುಗಳಿವೆ. ಇವು ತಳಗಂಟುಗಳು. ಚಲನೆಯನ್ನು ಆರಂಭಿಸುವುದು, ಬೇಡವಾದ ಚಲನೆಯನ್ನು ತಡೆಯುವುದು ಮತ್ತು ಪದೇ ಪದೇ ಮಾಡಿದ ಕೆಲಸವನ್ನು ರೂಢಿಯಾಗಿ ಮಾರ್ಪಡಿಸುವುದು ಇವುಗಳ ಹೊಣೆ.

ಉಡುಪಿಯಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಂತಹ ಕಡೆಯಲ್ಲಿ ಹೆಜ್ಜೆ ಕಲಿಯುವ ಹುಡುಗನನ್ನು ಉದಾಹರಣೆಯಾಗಿ ತೆಗೆದುಕೊಳ್ಳಿರಿ. ಮೊದಲ ದಿನಗಳಲ್ಲಿ ಅವನು ಪ್ರತಿಯೊಂದು ಹೆಜ್ಜೆಯನ್ನೂ ಯೋಚಿಸಿ ಇಡುತ್ತಾನೆ, ಕಾಲನ್ನು ನೋಡುತ್ತಾನೆ, ತಾಳ ತಪ್ಪುತ್ತಾನೆ. ಆಗ ಹಣೆಯ ಹಿಂದಿರುವ, ಯೋಚಿಸುವ ಭಾಗವೇ ಹೆಚ್ಚಿನ ಹೊರೆಯನ್ನು ಹೊತ್ತಿರುತ್ತದೆ. ತಿಂಗಳುಗಳ ಅಭ್ಯಾಸದ ಬಳಿಕ ಆ ಹೊರೆಯು ಬಹುಮಟ್ಟಿಗೆ ತಳಗಂಟು ಮತ್ತು ಅನುಮಸ್ತಿಷ್ಕಗಳಿಗೆ ವರ್ಗವಾಗುತ್ತದೆ. ಚೆಂಡೆಯ ಪೆಟ್ಟು ಕೇಳಿದೊಡನೆ ಕಾಲು ತಾನಾಗಿಯೇ ಏಳುತ್ತದೆ. ಯೋಚನೆಯ ಭಾಗವು ಬಿಡುವಾಗಿ, ಅರ್ಥ ಮತ್ತು ಅಭಿನಯಗಳ ಕಡೆಗೆ ಅವನು ಗಮನ ಕೊಡಬಲ್ಲವನಾಗುತ್ತಾನೆ.

ಈ ಭಾಗಕ್ಕೆ ಡೋಪಮೈನ್ ಎಂಬ ರಾಸಾಯನಿಕವು ಬೇಕು. ಅದನ್ನು ತಯಾರಿಸುವ ಕೋಶಗಳು ಕ್ಷೀಣಿಸಿದಾಗ ಕಂಪವಾತ, ಅಂದರೆ ಪಾರ್ಕಿನ್ಸನ್ ಕಾಯಿಲೆ ತಲೆದೋರುತ್ತದೆ. ಕೈ ನಡುಗುವುದು, ಹೆಜ್ಜೆ ಕಿರಿದಾಗುವುದು, ಎದ್ದು ನಡೆಯಲು ತಡವಾಗುವುದು ಇದರ ಲಕ್ಷಣಗಳು. ಇವು ಕೇವಲ ಮುಪ್ಪಿನ ಲಕ್ಷಣಗಳೆಂದು ಸುಮ್ಮನಿರಬಾರದು. ಇದಕ್ಕೆ ಔಷಧಿಯಿದೆ, ಔಷಧಿಯೊಡನೆ ದಿನನಿತ್ಯದ ನಡಿಗೆ ಮತ್ತು ವ್ಯಾಯಾಮವು ಬಹಳ ನೆರವಾಗುತ್ತದೆ.

ಬೆನ್ನುಹುರಿ: ಸುದ್ದಿಯ ಹೆದ್ದಾರಿ

ಮಿದುಳಿನ ಆಜ್ಞೆಯು ಸ್ನಾಯುವನ್ನು ಮುಟ್ಟುವುದು ಬೆನ್ನುಹುರಿಯ ಮೂಲಕ. ಪೋಲಿಯೋ ವಿಷಾಣು ಹಾಳುಮಾಡುತ್ತಿದ್ದುದು ಇಲ್ಲಿರುವ ಚಾಲಕ ನರಕೋಶಗಳನ್ನು. ಲಸಿಕೆಯ ಬಲದಿಂದ ಭಾರತವು 2014ರ ಮಾರ್ಚ್ 27ರಂದು ಪೋಲಿಯೋಮುಕ್ತವೆಂದು ಘೋಷಿಸಲ್ಪಟ್ಟಿತು. ರೋಗವು ಹೊರದೇಶದಿಂದ ಮತ್ತೆ ಬರಬಹುದಾದುದರಿಂದ ಲಸಿಕೆಯನ್ನು ಇಂದಿಗೂ ತಪ್ಪಿಸಬಾರದು.

ಅಡಿಕೆ, ತೆಂಗಿನ ಮರಗಳಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗುವುದು ನಮ್ಮ ಕಡೆಯ ದೊಡ್ಡ ದುರಂತ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ಕುಳ್ಳಿರಿಸಿ ನೀರು ಕುಡಿಸಬಾರದು. ಕುತ್ತಿಗೆ ಮತ್ತು ಬೆನ್ನು ಬಾಗದಂತೆ, ಮೂರು ನಾಲ್ಕು ಮಂದಿ ಒಟ್ಟಾಗಿ ಗಟ್ಟಿಯಾದ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಸಾಗಿಸುವಾಗ ಮಾಡಿದ ಒಂದು ತಪ್ಪಿನಿಂದ ಉಳಿಯಬಹುದಾಗಿದ್ದ ಕಾಲುಗಳು ಶಾಶ್ವತವಾಗಿ ಹೋಗಬಹುದು.

ಅಭ್ಯಾಸದಿಂದ ಮಿದುಳು ಬದಲಾಗುತ್ತದೆ

ವಯಸ್ಕರ ಮಿದುಳು ಬದಲಾಗದು ಎಂದು ಬಹುಕಾಲ ನಂಬಲಾಗಿತ್ತು. ಅದು ಸರಿಯಲ್ಲವೆಂದು ಈಗ ತಿಳಿದುಬಂದಿದೆ. 2004ರಲ್ಲಿ ಜರ್ಮನಿಯ ಸಂಶೋಧಕರು ಮೂರು ಚೆಂಡುಗಳನ್ನು ಒಂದಾದ ಮೇಲೊಂದು ಹಾರಿಸಿ ಹಿಡಿಯುವ ಆಟವನ್ನು ಕೆಲವರಿಗೆ ಮೂರು ತಿಂಗಳು ಕಲಿಸಿದರು. ಚಲನೆಯನ್ನು ಕಣ್ಣಿನಿಂದ ಗುರುತಿಸುವ ಮಿದುಳಿನ ಭಾಗವು ಅವರಲ್ಲಿ ದಪ್ಪವಾದುದು ಕಂಡುಬಂದಿತು. ಅಭ್ಯಾಸವನ್ನು ಬಿಟ್ಟಾಗ ಅದು ಮತ್ತೆ ಕುಗ್ಗಿತು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 120 ಮಂದಿ ವೃದ್ಧರು ಭಾಗವಹಿಸಿದ್ದರು. ಅವರಲ್ಲಿ ವಾರಕ್ಕೆ ಮೂರು ದಿನ 40 ನಿಮಿಷಗಳವರೆಗೆ ಚುರುಕಾಗಿ ನಡೆದವರಲ್ಲಿ, ನೆನಪಿನ ಸ್ಥಾನವಾದ ಹಿಪೊಕ್ಯಾಂಪಸ್ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 2ರಷ್ಟು ಬೆಳೆಯಿತು. ಕೇವಲ ಮೈಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ವಯಸ್ಸಿಗೆ ತಕ್ಕಂತೆ ಕುಗ್ಗಿತು.

ಕಲಿತುದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಆದುದರಿಂದ ಮಕ್ಕಳಿಗೆ ಆಟ ಎಷ್ಟು ಅವಶ್ಯವೋ ಸಾಕಷ್ಟು ನಿದ್ರೆಯೂ ಅಷ್ಟೇ ಅವಶ್ಯ.

"ನಾವು ದಿನವಿಡೀ ದುಡಿಯುತ್ತೇವೆ, ಬೇರೆ ವ್ಯಾಯಾಮವೇಕೆ?"

ಈ ಪ್ರಶ್ನೆಯು ಸಹಜವೇ. ಗದ್ದೆಯ ಕೆಲಸ, ಬಲೆ ಎಳೆಯುವುದು, ನೀರು ಹೊರುವುದು ಇವು ನಿಜವಾದ ವ್ಯಾಯಾಮಗಳೇ. ಆದರೆ ಎಲ್ಲ ದುಡಿಮೆಯೂ ಹಾಗಲ್ಲ. ಬೆಳಗಿನಿಂದ ಸಂಜೆಯವರೆಗೆ ಕುಳಿತು ಬೀಡಿ ಕಟ್ಟುವ ಅಥವಾ ಹೂ ಕಟ್ಟುವ ಸ್ತ್ರೀಯ ಬೆರಳುಗಳು ದಣಿಯುತ್ತವೆ. ಕಾಲು, ಹೃದಯ, ಶ್ವಾಸಕೋಶಗಳಿಗೆ ಕೆಲಸವೇ ದೊರೆಯುವುದಿಲ್ಲ. ಅಂಗಡಿಯಲ್ಲಿ ಕುಳಿತಿರುವ, ರಿಕ್ಷಾ ಓಡಿಸುವ ಪುರುಷನ ಸ್ಥಿತಿಯೂ ಇದೇ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಧ್ಯಮ ಶ್ರಮದ ಚಟುವಟಿಕೆಯನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆಯಿತ್ತಿದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಇದು ಪೂರೈಸಿತು. ನಡೆಯುವಾಗ ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅದೇ ಸರಿಯಾದ ವೇಗ. ವಯಸ್ಸಾದವರು ಗೋಡೆಯ ಬಳಿ ನಿಂತು ಒಂದು ಕಾಲಿನ ಮೇಲೆ ಕೆಲವು ಕ್ಷಣ ನಿಲ್ಲುವ, ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸ ಮಾಡಿದರೆ ಬೀಳುವ ಭಯ ಕಡಮೆಯಾಗುವುದು. ಗಂಡನಾದವನು ಮನೆಗೆಲಸದಲ್ಲಿ ಪಾಲು ತೆಗೆದುಕೊಂಡಲ್ಲಿ ಮಾತ್ರ ಹೆಂಡತಿಗೆ ಈ ಅರ್ಧ ಗಂಟೆಯ ಬಿಡುವು ದೊರೆಯುವುದೆಂಬುದನ್ನು ಮರೆಯಬಾರದು.

ಗರ್ಭಿಣಿ ಮತ್ತು ಮಗು

ಮಗುವಿನ ಮಿದುಳು ಮತ್ತು ಬೆನ್ನುಹುರಿಗಳ ಮೂಲರೂಪವು ಗರ್ಭ ಧರಿಸಿದ ಮೊದಲ ನಾಲ್ಕು ವಾರಗಳಲ್ಲಿಯೇ ಸಿದ್ಧವಾಗುತ್ತದೆ. ಆಗ ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಆದುದರಿಂದ ಮಗುವನ್ನು ಬಯಸುವ ದಂಪತಿಗಳು ಮುಂಚಿತವಾಗಿಯೇ ಆರೋಗ್ಯ ಕೇಂದ್ರಕ್ಕೆ ಹೋಗಿ ಫೋಲಿಕ್ ಆಮ್ಲದ ಮಾತ್ರೆಯನ್ನು ಆರಂಭಿಸಬೇಕು. ಇದರಿಂದ ಬೆನ್ನುಹುರಿ ತೆರೆದಿರುವ ಊನವು ಬಹುಮಟ್ಟಿಗೆ ತಪ್ಪುತ್ತದೆ. ಅಯೋಡಿನ್ ಬೆರೆಸಿದ ಉಪ್ಪನ್ನೇ ಬಳಸಬೇಕು. ವೈದ್ಯರು ಬೇಡವೆನ್ನದಿದ್ದರೆ ಗರ್ಭಿಣಿಯು ದಿನವೂ ನಡೆಯುವುದು ಹಿತಕರ. ಭಾರವಾದ ಹೊರೆಯನ್ನು ಮಾತ್ರ ಹೊರಬಾರದು.

ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಬೇಕು. ಹುಟ್ಟಿದೊಡನೆ ಅಳದ, ಉಸಿರಾಡದ ಮಗುವಿಗೆ ಮೊದಲ ನಿಮಿಷದಲ್ಲಿ ದೊರೆಯುವ ನೆರವು ಅದರ ಮಿದುಳನ್ನು ಉಳಿಸುತ್ತದೆ. ಮೊದಲ ದಿನವೇ ಕಾಮಾಲೆ ಕಾಣಿಸಿಕೊಂಡರೆ, ಅಥವಾ ಅಂಗೈ ಅಂಗಾಲುಗಳವರೆಗೆ ಹಳದಿ ಹರಡಿದರೆ, ಬಿಸಿಲಿಗೆ ಹಿಡಿದು ಕಾಯುತ್ತ ಕೂರಬಾರದು. ತೀವ್ರವಾದ ಕಾಮಾಲೆಯು ತಳಗಂಟುಗಳನ್ನು ಸೇರಿ ಮಗುವಿನ ಚಲನೆಯನ್ನು ಬಾಳಿನುದ್ದಕ್ಕೂ ಕೆಡಿಸಬಲ್ಲದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಇದು ತಪ್ಪುತ್ತದೆ.

ಮಗುವಿನ ಬೆಳವಣಿಗೆಯಲ್ಲಿ ಈ ಕೆಳಗಿನವುಗಳನ್ನು ಗಮನಿಸಿರಿ:

1. ನಾಲ್ಕು ತಿಂಗಳು ತುಂಬುವುದರೊಳಗೆ ಕುತ್ತಿಗೆ ನಿಲ್ಲಬೇಕು.
2. ಒಂಬತ್ತು ತಿಂಗಳೊಳಗೆ ಆಧಾರವಿಲ್ಲದೆ ಕುಳಿತುಕೊಳ್ಳಬೇಕು.
3. ಹದಿನೆಂಟು ತಿಂಗಳೊಳಗೆ ತಾನಾಗಿ ನಡೆಯಬೇಕು.
4. ಒಂದು ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರೆ ಅದು ಎಚ್ಚರಿಕೆಯ ಸೂಚನೆ.

ಇವುಗಳಲ್ಲಿ ಯಾವುದಾದರೂ ತಪ್ಪಿದಲ್ಲಿ ಆಶಾ ಕಾರ್ಯಕರ್ತೆಗೆ ತಿಳಿಸಿ ವೈದ್ಯರಲ್ಲಿ ತೋರಿಸಬೇಕು. "ಅವನ ಅಪ್ಪನೂ ತಡವಾಗಿಯೇ ನಡೆದ" ಎಂಬ ಹಿರಿಯರ ಸಮಾಧಾನದ ಮಾತನ್ನು ನೆಚ್ಚಿ ದಿನ ಕಳೆಯಬಾರದು. ಎಳೆಯ ಮಿದುಳು ಕಲಿಯುವಷ್ಟು ವೇಗವಾಗಿ ಬಲಿತ ಮಿದುಳು ಕಲಿಯದು. ಎಚ್ಚರವಿರುವಾಗ ಮಗುವನ್ನು ನಿಮ್ಮ ಕಣ್ಣೆದುರಿನಲ್ಲಿ ಕವುಚಿ ಮಲಗಿಸಿ ಆಡಿಸಿರಿ. ನೆಲದ ಮೇಲೆ ತೆವಳಲು ಬಿಡಿರಿ. ಚಕ್ರದ ನಡಿಗೆಗಾಡಿಯಲ್ಲಿ ಕೂರಿಸುವುದರಿಂದ ನಡಿಗೆ ಬೇಗ ಬರುವುದಿಲ್ಲ. ಉರುಳಿ ಬೀಳುವ ಅಪಾಯವೇ ಹೆಚ್ಚು.

ಪಾರ್ಶ್ವವಾಯು: ಪ್ರತಿ ನಿಮಿಷವೂ ಅಮೂಲ್ಯ

ಮಿದುಳಿನ ರಕ್ತನಾಳವು ಕಟ್ಟಿಕೊಂಡಾಗ ಅಥವಾ ಒಡೆದಾಗ ಪಾರ್ಶ್ವವಾಯು, ಜನರು ಹೇಳುವ ಲಕ್ವ, ಬಡಿಯುತ್ತದೆ. ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಲಾಗಿದೆ. ಲಕ್ಷಣಗಳು ಹೀಗಿವೆ: ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು; ಎರಡೂ ಕೈಗಳನ್ನು ಎತ್ತಲು ಹೇಳಿದಾಗ ಒಂದು ಕೈ ಕೆಳಗೆ ಜಾರುವುದು; ಮಾತು ತೊದಲುವುದು; ಒಮ್ಮೆಲೆ ಸಮತೋಲ ತಪ್ಪುವುದು; ದೃಷ್ಟಿ ಮಂಜಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಗಡಿಯಾರವನ್ನು ನೋಡಿ ಸಮಯವನ್ನು ಗುರುತಿಸಿಕೊಂಡು 108ಕ್ಕೆ ದೂರವಾಣಿ ಮಾಡಬೇಕು.

ಕಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಕೊಡುವ ಮೊದಲು ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದನ್ನು ಸಿ.ಟಿ. ಸ್ಕ್ಯಾನ್ ಮಾಡಿ ತಿಳಿಯಬೇಕಾಗುತ್ತದೆ. ಆದುದರಿಂದ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ನರರೋಗ ತಜ್ಞರ ಸೇವೆಯು ಈ ಜಿಲ್ಲೆಯವರಿಗೆ ಹತ್ತಿರದಲ್ಲಿಯೇ ದೊರೆಯುವಂತಾಗಿದೆ. ಕಾರ್ಕಳದಿಂದಲಾಗಲಿ ಕಾಪುವಿನಿಂದಲಾಗಲಿ ಮಣಿಪಾಲ, ಉಡುಪಿಗಳು ಬಹಳ ದೂರವಲ್ಲ. ತಡವಾಗುವುದು ದಾರಿಯಲ್ಲಿ ಅಲ್ಲ, ಮನೆಯಲ್ಲಿ. ಎಣ್ಣೆ ತಿಕ್ಕಿ ನೋಡೋಣ, ಮಲಗಿ ಎದ್ದರೆ ಸರಿಹೋದೀತು, ದರ್ಶನದಲ್ಲಿ ಕೇಳೋಣ ಎನ್ನುತ್ತ ಹೊತ್ತು ಕಳೆಯುತ್ತದೆ. ಹರಕೆಯನ್ನು ಅನಂತರವೂ ಸಲ್ಲಿಸಬಹುದು. ಕಳೆದ ಗಂಟೆಯು ಮರಳಿ ಬಾರದು. ರೋಗಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು; ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಲಕ್ಷಣಗಳು ಹತ್ತು ನಿಮಿಷದಲ್ಲಿ ಮಾಯವಾದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ಮುಂದೆ ಬರಲಿರುವ ದೊಡ್ಡ ಆಘಾತದ ಮುನ್ಸೂಚನೆ.

ಪಾರ್ಶ್ವವಾಯುವಿನ ಅತಿ ದೊಡ್ಡ ಕಾರಣ ರಕ್ತದೊತ್ತಡ. 30 ವರ್ಷ ದಾಟಿದ ಪತಿಪತ್ನಿಯರಿಬ್ಬರೂ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಒತ್ತಡವು ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಅವಶ್ಯ. "ಈಗ ಸರಿಯಾಗಿದೆ" ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಉಪ್ಪಿನಕಾಯಿ, ಒಣಮೀನು, ಹಪ್ಪಳಗಳನ್ನು ಮಿತಗೊಳಿಸಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಬಿಡಬೇಕು.

ಮನೆಯೇ ಅಭ್ಯಾಸಶಾಲೆ

ಸತ್ತ ನರಕೋಶಗಳು ಮರಳಿ ಬದುಕುವುದಿಲ್ಲ. ಆದರೆ ಉಳಿದ ಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ಹೋದ ಕೆಲಸವನ್ನು ಬಹುಪಾಲು ವಹಿಸಿಕೊಳ್ಳಬಲ್ಲವು. ಇದಕ್ಕೆ ಬೇಕಾದುದು ಪುನರಾವರ್ತನೆ. ಫಿಸಿಯೋಥೆರಪಿ ತಜ್ಞರು ಕಲಿಸಿದ ವ್ಯಾಯಾಮವನ್ನು ದಿನವೂ ಮಾಡಿಸಬೇಕು. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಶೀಘ್ರವಾಗಿರುತ್ತದೆ. ಅನಂತರ ನಿಧಾನವಾದರೂ ನಿಲ್ಲುವುದಿಲ್ಲ. ರೋಗಿಯ ಕೆಲಸವನ್ನೆಲ್ಲ ಪ್ರೀತಿಯಿಂದ ನಾವೇ ಮಾಡಿಬಿಡುವುದು ಉಪಕಾರವಲ್ಲ. ತಟ್ಟೆಯಿಂದ ಅನ್ನವನ್ನು ಕಲಸುವುದು, ಲೋಟ ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು, ಬಟ್ಟೆ ಮಡಚುವುದು ಇವನ್ನೆಲ್ಲ ತಡವಾದರೂ ಅವರ ಕೈಯಿಂದಲೇ ಮಾಡಿಸಿರಿ. ಬಿದ್ದ ಕೈಯ ತೋಳನ್ನು ಹಿಡಿದು ಎಳೆಯಬೇಡಿರಿ. ಭುಜದ ಕೀಲು ಜಾರುತ್ತದೆ. ಮಲಗಿದಲ್ಲಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಮಾತು ಹೋದವರೊಡನೆ ದಿನವೂ ಮಾತನಾಡಿರಿ. ಉತ್ತರಕ್ಕಾಗಿ ತಾಳ್ಮೆಯಿಂದ ಕಾಯಿರಿ.

ಈ ಶುಶ್ರೂಷೆಯ ಹೊರೆಯು ಸಾಮಾನ್ಯವಾಗಿ ಮನೆಯ ಹೆಣ್ಣುಮಗಳೊಬ್ಬಳ ಮೇಲೆಯೇ ಬೀಳುತ್ತದೆ. ಅತ್ತೆಯಾಗಲಿ ಮಾವನಾಗಲಿ ಮಲಗಿದಾಗ, ಮಗನೂ ಬೆಳಗಿನ ಒಂದು ಹೊತ್ತು ವ್ಯಾಯಾಮ ಮಾಡಿಸುವ ಹೊಣೆಯನ್ನು ಹೊರಬೇಕು. ಇಬ್ಬರೂ ಹಂಚಿಕೊಂಡ ಶುಶ್ರೂಷೆಯು ಬಹುಕಾಲ ನಡೆಯುತ್ತದೆ. ಒಬ್ಬರ ಮೇಲೆಯೇ ಬಿದ್ದುದು ಬೇಗ ನಿಂತುಹೋಗುತ್ತದೆ.

ಆದುದರಿಂದ ದಂಪತಿಗಳು ಮೂರು ಕೆಲಸಗಳನ್ನು ಈ ವಾರವೇ ಮಾಡಬೇಕು: ಇಬ್ಬರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳುವುದು, ಮನೆಯಲ್ಲಿ ಕೂಸು ಇದ್ದರೆ ಅದರ ಬೆಳವಣಿಗೆಯನ್ನು ಮೇಲಿನ ಪಟ್ಟಿಯೊಡನೆ ತಾಳೆ ನೋಡುವುದು, ಪಾರ್ಶ್ವವಾಯುವಿನ ಲಕ್ಷಣಗಳನ್ನೂ 108ರ ಸಂಖ್ಯೆಯನ್ನೂ ಮನೆಯ ಮಕ್ಕಳಿಗೂ ಕಲಿಸುವುದು. ಇದಕ್ಕೆ ಹಣ ಬೇಕಾಗಿಲ್ಲ. ಸ್ವಲ್ಪ ಸಮಯವೂ ಮನಸ್ಸೂ ಇದ್ದರೆ ಸಾಕು.